ಗಾಡಿ ನಡುಗುತ್ತಿದೆಯೇ? ಯಾವಾಗ ನಡುಗುತ್ತದೆ ಎಂಬುದನ್ನು ಮೊದಲು ಹಿಡಿಯಿರಿ

“ಎಂಬತ್ತರ ಮ್ಯಾಲೆ ಹೋದ್ರ ಸ್ಟೇರಿಂಗ್ ಥರಾಥರಾ ಅಂತೈತ್ರಿ. ಎರಡ ಸಲ ಅಲೈನ್‌ಮೆಂಟ್ ಮಾಡಿಸೇನಿ, ಏನೂ ಫರಕ ಬಿದ್ದಿಲ್ಲ.” ಹುಬ್ಬಳ್ಳಿಯ ಯಾವ ಟಯರ್ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಫರಕ ಬೀಳುವುದೂ ಇಲ್ಲ. ಗಾಲಿಗಳ ಮುಖ ಸರಿಯಾದ ಕೋನದಲ್ಲಿದೆಯೇ ಎಂದು ನೋಡಿ ತಿದ್ದುವ ಕೆಲಸಕ್ಕೆ ಅಲೈನ್‌ಮೆಂಟ್ ಎನ್ನುತ್ತಾರೆ. ಅದು ತಪ್ಪಿದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ, ಟಯರಿನ ಒಂದು ಅಂಚು ಬೇಗ ಸವೆಯುತ್ತದೆ. ನಡುಕಕ್ಕೆ ಅಲೈನ್‌ಮೆಂಟ್ ಮಾಡಿಸುವುದು ಹಲ್ಲುನೋವಿಗೆ ಚಾಳೀಸು ಬದಲಿಸಿದ ಹಾಗೆ.

ಗಾಡಿಯಲ್ಲಿ ತಿರುಗುವ ಸಾಮಾನು ಬಹಳ ಇವೆ: ಗಾಲಿ, ಬ್ರೇಕಿನ ಡಿಸ್ಕ್, ಇಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಡ್ರೈವ್ ಶಾಫ್ಟ್, ಕ್ಲಚ್, ಇಂಜಿನ್. ಎಲ್ಲವೂ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಕೆಟ್ಟಾಗ ಒಂದೊಂದೂ ತನ್ನದೇ ಹೊತ್ತಿಗೆ ನಡುಗಿಸುತ್ತದೆ. ಹಾಗಾಗಿ ಬಾನೆಟ್ ತೆರೆಯುವ ಮೊದಲೇ, ಡ್ರೈವರ್ ಸೀಟಿನಲ್ಲಿ ಕೂತೇ ಅರ್ಧ ಪತ್ತೆ ಮುಗಿಸಬಹುದು. ಸಾಮಾನು ಬದಲಿಸುತ್ತಾ ಹೋಗುವವರು ಕಳೆದುಕೊಳ್ಳುವುದು ಈ ಅರ್ಧವನ್ನೇ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ನಿನ್ನೆಯವರೆಗೆ ಸರಿಯಿದ್ದ ಗಾಡಿ ದಾರಿಯಲ್ಲಿ ಒಮ್ಮೆಲೇ ಕುಣಿಯತೊಡಗಿದರೆ, ಅದರಲ್ಲೂ ಒಂದೆರಡು ದಿನದ ಹಿಂದೆ ಗಾಲಿ ಬಿಚ್ಚಿಸಿದ್ದರೆ, ಪರೀಕ್ಷೆ ಮಾಡುತ್ತಾ ಕೂರಬೇಡಿ. ಬದಿಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಪಾನಾ ತೆಗೆದು ಗಾಲಿಯ ನಟ್ಟು ನೋಡಿ. ಸಡಿಲ ನಟ್ಟಿನ ಮೇಲೆ ಓಡಿದ ಗಾಲಿ ಮೊದಲು ರಿಮ್ಮಿನ ತೂತನ್ನು ಅಗಲ ಮಾಡುತ್ತದೆ, ಆಮೇಲೆ ನಟ್ಟು ಕೂರುವ ಸ್ಟಡ್ ಮುರಿಯುತ್ತದೆ, ಕೊನೆಗೆ ಗಾಲಿಯೇ ಕಳಚಿ ಹೋಗುತ್ತದೆ. ಟಯರಿನ ಮಗ್ಗುಲಲ್ಲಿ ಉಬ್ಬು ಕಂಡರೂ ಅಷ್ಟೇ, ಸ್ಟೆಪ್ನಿ ಹಾಕಿಕೊಂಡೇ ಮುಂದೆ ಹೊರಡಿ.

ಸೀಟಿನಲ್ಲಿ ಕೂತು ಮಾಡುವ ಪತ್ತೆ

ಪರೀಕ್ಷೆಗೆ ರಸ್ತೆ ಸಪಾಟಾಗಿರಬೇಕು, ಟ್ರಾಫಿಕ್ ಕಡಿಮೆ ಇರಬೇಕು. ಹುಬ್ಬಳ್ಳಿಯಿಂದ ಹಾವೇರಿ ಕಡೆಗಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಿನ ಹೊತ್ತು ಅಂಥ ಜಾಗ ಸಿಗುತ್ತದೆ. ಊರೊಳಗಿನ ಕಾಂಕ್ರೀಟ್ ರಸ್ತೆ ಬೇಡ. ಅದರ ಗೀರು, ಜಾಯಿಂಟುಗಳೇ ಟಯರಿನಲ್ಲಿ ಸದ್ದೆಬ್ಬಿಸಿ ದಾರಿ ತಪ್ಪಿಸುತ್ತವೆ. ಹೊರಡುವ ಮೊದಲು ಟಯರ್ ತಣ್ಣಗಿರುವಾಗಲೇ ಗಾಳಿ ನೋಡಿ, ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಬರೆದಷ್ಟು ತುಂಬಿಸಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ. “ದೂರ ಹೊಂಟೀರಿ, ನಲವತ್ತ ಹಾಕ್ತೇನಿ” ಎನ್ನುವವರ ಮಾತು ಕೇಳಬೇಡಿ. ಕಲ್ಲಿನಂತೆ ಗಟ್ಟಿಯಾದ ಟಯರ್ ಸಣ್ಣ ಉಬ್ಬುತಗ್ಗನ್ನೂ ನೇರವಾಗಿ ಸೀಟಿಗೆ ಮುಟ್ಟಿಸುತ್ತದೆ.

ಮೊದಲು ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಇಂಜಿನ್ನನ್ನು ನಿಧಾನ 2000, 2500, 3000 ಆರ್‌ಪಿಎಂಗೆ ಏರಿಸಿ. ಅದೇ ನಡುಕ ಇಲ್ಲೇ ಬಂದರೆ ಗಾಲಿಯ ಸುದ್ದಿ ಬಿಡಿ, ತೊಂದರೆ ಇಂಜಿನ್ ಕಡೆಯದು. ಬರಲಿಲ್ಲವೆಂದರೆ ರಸ್ತೆಗೆ ಇಳಿಯಿರಿ. ನಡುಕ ಶುರುವಾಗುವ ವೇಗ ಹಿಡಿದು, ಅದೇ ವೇಗವನ್ನು ಒಮ್ಮೆ ನಾಲ್ಕನೇ ಗಿಯರ್‌ನಲ್ಲಿ, ಒಮ್ಮೆ ಐದನೆಯದರಲ್ಲಿ ಓಡಿಸಿ. ಗಿಯರ್ ಬದಲಾದರೆ ಇಂಜಿನ್ನಿನ ಸುತ್ತು ಬದಲಾಗುತ್ತದೆ, ಗಾಲಿಯ ಸುತ್ತು ಬದಲಾಗುವುದಿಲ್ಲ. ಎರಡರಲ್ಲೂ ನಡುಕ ಒಂದೇ ತೆರನಾಗಿದ್ದರೆ ಅದು ಗಾಲಿಯದು.

ಇನ್ನು ಎಲ್ಲಿ ನಡುಗುತ್ತದೆ ಎಂಬುದು. ಸ್ಟೇರಿಂಗ್ ನಡುಗಿದರೆ ಮುಂದಿನ ಗಾಲಿ. ಸ್ಟೇರಿಂಗ್ ಸುಮ್ಮನಿದ್ದು ಸೀಟು, ತಳ ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದು ಬಿಟ್ಟಾಗ ಹೋದರೆ ಡಿಸ್ಕ್ ಅಥವಾ ಡ್ರಮ್ಮು. ಎಕ್ಸಲೇಟರ್ ಒತ್ತಿದಾಗ ಬಂದು, ಕಾಲೆತ್ತಿದ ಕೂಡಲೇ ಮಾಯವಾದರೆ ಡ್ರೈವ್ ಶಾಫ್ಟ್. ಮೊದಲ ಗಿಯರ್‌ನಲ್ಲಿ ಗಾಡಿ ಹೊರಡಿಸುವಾಗ ಮಾತ್ರ ಗಡಗಡ ಎಂದರೆ ಕ್ಲಚ್. ಈ ಸಾಲುಗಳನ್ನು ಮಿಸ್ತ್ರಿಗೆ ಹೇಳಿದರೆ ಅವನ ಅರ್ಧ ದಿನ, ನಿಮ್ಮ ಅರ್ಧ ಬಿಲ್ಲು ಉಳಿಯುತ್ತದೆ.

ಎರಿ ಮಣ್ಣು ಮತ್ತು ರಿಮ್ಮಿನ ಒಳಮೈ

ನಮ್ಮ ಕಡೆ ಮಳೆಗಾಲದಲ್ಲಿ ಬರುವ ನಡುಕಕ್ಕೆ ಮೊದಲು ಶಂಕೆ ಪಡಬೇಕಾದದ್ದು ರಾಡಿಯನ್ನು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಹೊಲದ ದಾರಿಗೆ ಹೋಗಿ ಬಂದ ಗಾಡಿಯ ರಿಮ್ಮಿನ ಒಳಗೆ ಎರಿ ಮಣ್ಣು ಮೆತ್ತಿಕೊಳ್ಳುತ್ತದೆ. ರಾತ್ರಿ ನಿಂತಾಗ ಹಸಿ ರಾಡಿ ಕೆಳಕ್ಕೆ ಜಾರಿ ಒಂದೇ ಕಡೆ ಗುಡ್ಡೆಯಾಗಿ, ಬೆಳಗಾಗುವಷ್ಟರಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಮೇಲಿಂದ ನೋಡಿದರೆ ಗಾಲಿ ಸ್ವಚ್ಛ. ಗಾಡಿ ಮಾತ್ರ 70 ದಾಟಿದೊಡನೆ ಕುಣಿಯುತ್ತದೆ.

ಒಂದು ಮುಷ್ಟಿ ಮಣ್ಣು ಇಷ್ಟು ಹಾರಾಡಿಸುತ್ತದೆಯೇ ಎಂದರೆ, ಲೆಕ್ಕ ಹಾಕಿ ನೋಡಿ. 14 ಇಂಚು ರಿಮ್ಮಿನ 165/80 ಟಯರಿನ ಸುತ್ತಳತೆ ಹೆಚ್ಚುಕಡಿಮೆ 1.95 ಮೀಟರ್. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್, ಅಂದರೆ ಗಾಲಿ ಸೆಕೆಂಡಿಗೆ ಸುಮಾರು 13 ಸುತ್ತು. ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಹೆಚ್ಚಿದ್ದರೆ ಆ ವೇಗದಲ್ಲಿ ಅದು ಮೂರೂವರೆ ಕೆ.ಜಿ. ತೂಕದಷ್ಟು ಬಲದಿಂದ ಗಾಲಿಯನ್ನು ಎಳೆಯುತ್ತದೆ, ಪ್ರತಿ ಸುತ್ತಿಗೂ ಒಮ್ಮೆ. 45ರ ವೇಗದಲ್ಲಿ ಈ ಬಲ ನಾಲ್ಕನೇ ಒಂದು ಪಾಲು ಮಾತ್ರ, ಏಕೆಂದರೆ ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಊರೊಳಗೆ ಗೊತ್ತಾಗದ ನಡುಕ ಹೈವೇಯಲ್ಲಿ ಮುಖಕ್ಕೆ ಹೊಡೆಯುವುದು ಇದಕ್ಕೇ. ಎರಿ ಮಣ್ಣಿನ ಒಂದು ಗುಡ್ಡೆ 30 ಗ್ರಾಂಗಿಂತ ಎಷ್ಟೋ ಹೆಚ್ಚು ತೂಗುತ್ತದೆ.

ತೆಗೆಯುವಾಗ ಅವಸರ ಬೇಡ. ನೀರು ಬಿಟ್ಟು 15–20 ನಿಮಿಷ ನೆನೆಯಲು ಬಿಡಿ, ಆಮೇಲೆ ಕಟ್ಟಿಗೆ ಚಕ್ಕೆಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಅಲಾಯ್ ರಿಮ್ಮಿಗೆ ಗೀರು ಬೀಳುತ್ತದೆ; ಅದಕ್ಕಿಂತ ಮುಖ್ಯವಾಗಿ, ಗಾಲಿಯ ತೂಕ ಸುತ್ತಲೂ ಸಮವಾಗಲೆಂದು ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕದ ತುಂಡುಗಳು ಮಣ್ಣಿನ ಜೊತೆಗೇ ಕಿತ್ತು ಬರುತ್ತವೆ. ವಾಟರ್ ಸರ್ವಿಸ್‌ಗೆ ಕೊಟ್ಟರೆ, ಗನ್ನನ್ನು ಗಾಲಿಯ ಒಳಮಗ್ಗುಲಿಗೂ ಹಿಡಿಯಲು ಹೇಳಿ. ಹೇಳದಿದ್ದರೆ ಹೊರಗಷ್ಟೇ ಫಳಫಳ ಮಾಡಿ ಕಳಿಸುತ್ತಾರೆ. ತೊಳೆದ ಮೇಲೆ ನಡುಕ ಹೋದರೆ ಕಥೆ ಮುಗಿಯಿತು, ಖರ್ಚು ಗಾಡಿ ತೊಳೆಸಿದಷ್ಟೇ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಿ

ತೊಳೆದರೂ 80ರಿಂದ 100ರ ನಡುವೆ ಸ್ಟೇರಿಂಗ್ ನಡುಗುತ್ತಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ಕೆಲವೊಮ್ಮೆ 100 ದಾಟಿದ ಮೇಲೆ ನಡುಕ ತಗ್ಗಿದಂತೆ ಅನಿಸುತ್ತದೆ. ಅದು ವಾಸಿಯಾದದ್ದಲ್ಲ. ಸಸ್ಪೆನ್ಷನ್ ತೂಗಾಡುವ ಲಯಕ್ಕೂ ಗಾಲಿಯ ಏಟಿಗೂ ತಾಳ ತಪ್ಪಿತು, ಅಷ್ಟೇ. ಏಟು ಬೇರಿಂಗ್ ಮೇಲೆ, ಸ್ಟೇರಿಂಗ್ ಜಾಯಿಂಟ್ ಮೇಲೆ ಬೀಳುತ್ತಲೇ ಇರುತ್ತದೆ.

ಮಷಿನ್ ಎಷ್ಟೇ ಒಳ್ಳೆಯದಿರಲಿ, ಕೆಲಸ ಕೆಡುವುದು ಕೈಯಲ್ಲಿ. ರಾಡಿ ಇದ್ದ ಗಾಲಿಯನ್ನು ಹಾಗೇ ಏರಿಸಿ ಬ್ಯಾಲೆನ್ಸ್ ಮಾಡಿದರೆ, ಮಣ್ಣು ಉದುರಿದ ದಿನ ಮತ್ತೆ ನಡುಕ. ಹಳೆಯ ತೂಕದ ತುಂಡು ಕೀಳದೆ ಅದರ ಎದುರಿಗೆ ಹೊಸ ತುಂಡು ಬಡಿಯುವುದು ಇನ್ನೊಂದು ಚಾಳಿ. ಗಾಲಿಯನ್ನು ಮಷಿನ್ನಿನ ಶಾಫ್ಟಿಗೆ ಹಾಕುವಾಗ ನಡುತೂತಿಗೆ ಸರಿಹೊಂದುವ ಕೋನ್ (ಶಂಕುವಿನಾಕಾರದ ತುಂಡು) ಹಾಕದಿದ್ದರೆ ಗಾಲಿ ಕೂದಲೆಳೆಯಷ್ಟು ಓರೆ ಕೂರುತ್ತದೆ, ಮಷಿನ್ ಆ ಓರೆಯನ್ನೇ ತೂಕದ ವ್ಯತ್ಯಾಸ ಎಂದು ತಿಳಿಯುತ್ತದೆ. ರಿಮ್ಮಿನ ಅಗಲ, ವ್ಯಾಸ, ಮಷಿನ್ನಿನಿಂದ ಅದರ ದೂರ ಈ ಮೂರು ಅಂಕಿಗಳನ್ನು ಹಿಂದಿನ ಗಾಡಿಯದ್ದೇ ಬಿಟ್ಟಿದ್ದರೂ ಪರದೆಯ ಮೇಲೆ ಸೊನ್ನೆ ಬರುತ್ತದೆ, ಸುಳ್ಳು ಸೊನ್ನೆ.

ಸುಳ್ಳೋ ನಿಜವೋ ತಿಳಿಯಲು ಒಂದು ಸುಲಭ ಉಪಾಯವಿದೆ. ಸೊನ್ನೆ ಬಂದ ಮೇಲೆ ಗಾಲಿಯನ್ನು ಸಡಿಲಿಸಿ, ಶಾಫ್ಟಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. ಮತ್ತೆ 0 ಅಥವಾ 5 ಗ್ರಾಂ ತೋರಿಸಿದರೆ ಕೆಲಸ ಚೊಕ್ಕ. 20, 25 ಗ್ರಾಂ ತೋರಿಸಿದರೆ ಗಾಲಿ ಸರಿಯಾಗಿ ಕೂತಿಲ್ಲ ಅಥವಾ ಮಷಿನ್ನಿನ ಕೋನ್ ಸವೆದಿದೆ. ಹುಡುಗರಿಗೆ ಇದು ಹೆಚ್ಚುವರಿ ಎರಡು ನಿಮಿಷದ ಕೆಲಸ, ಮುಖ ಗಂಟಿಕ್ಕಿದರೂ ಮಾಡಿಸಿಕೊಳ್ಳಿ. ಅಲಾಯ್‌ಗೆ ಅಂಟಿಸುವ ತೂಕವಾದರೆ ಆ ಜಾಗವನ್ನು ಥಿನ್ನರ್ ಬಟ್ಟೆಯಿಂದ ಒರೆಸಿಯೇ ಅಂಟಿಸಬೇಕು. ಎಣ್ಣೆ, ಧೂಳಿನ ಮೇಲೆ ಅಂಟಿಸಿದ್ದು ಮೊದಲ ಮಳೆಗೇ ಬೀಳುತ್ತದೆ.

ಒಂದು ಕಾರಿನ ಗಾಲಿಗೆ 70–80 ಗ್ರಾಂ ಮೀರಿ ತೂಕ ಬೇಕೆಂದು ಮಷಿನ್ ಕೇಳಿದರೆ ತೂಕ ಬಡಿಯುತ್ತಾ ಹೋಗುವುದು ಮೂರ್ಖತನ. ಗಾಳಿ ಬಿಟ್ಟು, ಟಯರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ಸರಿಸಿ ಮತ್ತೆ ನೋಡಬೇಕು. ಟಯರಿನ ಭಾರವಾದ ಜಾಗ, ರಿಮ್ಮಿನ ಭಾರವಾದ ಜಾಗ ಒಂದೇ ಕಡೆ ಬಿದ್ದಿದ್ದರೆ ಇದರಿಂದ ಎದುರುಬದುರಾಗಿ ತೂಕದ ಬೇಡಿಕೆ ಅರ್ಧಕ್ಕೆ ಇಳಿಯುತ್ತದೆ. ಹೊಸ ಟಯರಿನ ಮಗ್ಗುಲಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರ ಜಾಗದ ಗುರುತು, ಅದನ್ನು ವಾಲ್ವ್ ಇರುವ ಕಡೆಗೇ ಕೂರಿಸುತ್ತಾರೆ. ಟಯರಿನೊಳಗೆ ಪಂಕ್ಚರ್ ಜೆಲ್ ತುಂಬಿಸಿದ್ದರೆ ಮಾತ್ರ ಬ್ಯಾಲೆನ್ಸಿಂಗ್ ನಿಲ್ಲುವುದೇ ಇಲ್ಲ. ಒಳಗಿನ ದ್ರವ ಪ್ರತಿ ಸಲ ಬೇರೆ ಕಡೆ ಹೋಗಿ ಕೂರುತ್ತದೆ, ಮಷಿನ್ ಪ್ರತಿ ಸಲ ಬೇರೆ ಅಂಕಿ ತೋರಿಸುತ್ತದೆ. ಮೊದಲು ಅದನ್ನು ತೊಳೆಸಿ.

ಬ್ಯಾಲೆನ್ಸ್ ಸರಿಯಿದ್ದೂ ನಡುಗಿದರೆ

ಆಗ ಗಾಲಿ ಗುಂಡಗಿಲ್ಲ ಎಂದರ್ಥ. ತಗ್ಗಿಗೆ ಬಿದ್ದ ರಿಮ್ಮು ಡೊಂಕಾಗಿರಬಹುದು, ಇಲ್ಲವೇ ಟಯರಿನೊಳಗಿನ ಉಕ್ಕಿನ ತಂತಿಯ ಪದರ ಬಿಟ್ಟಿರಬಹುದು. ಡೊಂಕು ರಿಮ್ಮಿಗೂ ತೂಕ ಅಂಟಿಸಿ ಸೊನ್ನೆ ತರಬಹುದು, ಆದರೆ ಮೊಟ್ಟೆಯಾಕಾರದ ಗಾಲಿ ಉರುಳುವುದು ಮೊಟ್ಟೆಯ ಹಾಗೆಯೇ.

ಮನೆಯಲ್ಲೇ ನೋಡಬಹುದು. ಸಪಾಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಗಿಯರ್ ನ್ಯೂಟ್ರಲ್ ಮಾಡಿ ಮುಂದಿನ ಗಾಲಿಯನ್ನು ಜಾಕ್ ಹಚ್ಚಿ ಎತ್ತಿ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ತಲೆ ಹಾಕಬೇಡಿ. ಗಾಲಿಯ ಪಕ್ಕ ಇಟ್ಟಂಗಿ ಇಟ್ಟು, ಅದರ ಮೇಲೆ ಪೆನ್ಸಿಲ್ ಮಲಗಿಸಿ, ತುದಿ ರಿಮ್ಮಿನ ಅಂಚಿಗೆ ಒಂದೆರಡು ಮಿಲಿಮೀಟರ್ ದೂರ ಇರುವಂತೆ ಹಿಡಿದು ಗಾಲಿಯನ್ನು ನಿಧಾನ ತಿರುಗಿಸಿ. ಸಂದು ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆಯುತ್ತದೆಯೇ ನೋಡಿ. ಒಂದು ಮಿ.ಮೀ.ಗಿಂತ ಹೆಚ್ಚು ಆಚೀಚೆ ಆದರೆ ರಿಮ್ಮಿನ ಮೇಲೆ ಶಂಕೆ ಪಡಬಹುದು. ಇದೇ ಪೆನ್ಸಿಲ್ಲನ್ನು ಟಯರಿನ ನೆಲ ಮುಟ್ಟುವ ಮೈಗೆ ಹಿಡಿದರೆ ಟಯರ್ ಎಲ್ಲಿ ಉಬ್ಬಿದೆ ಎಂದು ತಿಳಿಯುತ್ತದೆ. ಕಬ್ಬಿಣದ ರಿಮ್ಮಿನ ಡೊಂಕು ಪ್ರೆಸ್‌ನಲ್ಲಿ ತೆಗೆಸಬಹುದು. ಅಲಾಯ್ ಸೀಳಿದ್ದರೆ ಅದಕ್ಕೆ ವೆಲ್ಡಿಂಗ್ ಮಾಡಿಸಿ ಹೈವೇಗೆ ಇಳಿಯುವುದು ಬೇಡ.

ಪದರ ಬಿಟ್ಟ ಟಯರಿನ ಲಕ್ಷಣ ಬೇರೆ. ಅದು 80ರವರೆಗೆ ಕಾಯುವುದಿಲ್ಲ, 20–40ರಲ್ಲೇ ಗಾಡಿ ಕುಂಟುತ್ತದೆ, ಹಿಂಭಾಗ ಬಾತುಕೋಳಿ ನಡೆದ ಹಾಗೆ ಅತ್ತಿತ್ತ ತೂಗುತ್ತದೆ. ಅಂಗೈಯನ್ನು ಟಯರಿನ ಮೇಲೆ ಸುತ್ತಲೂ ಸವರಿದರೆ ಒಂದು ಕಡೆ ಗೂನು ಸಿಗುತ್ತದೆ. ಸವರುವಾಗ ತಂತಿ ಚುಚ್ಚೀತು, ದಪ್ಪ ಬಟ್ಟೆ ಹಿಡಿದು ಸವರಿ. ಇಂಥ ಟಯರಿಗೆ ರಿಪೇರಿ ಇಲ್ಲ. ಗದಗ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಲೋಡ್ ಹಾಕಿಕೊಂಡು ಹೋಗುವಾಗ ಸಿಡಿಯುವುದು ಇಂಥದ್ದೇ. ಟಯರಿನ ವಯಸ್ಸು ನೋಡಲು ಮಗ್ಗುಲಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಹೊರಮಗ್ಗುಲಲ್ಲಿ ಕಾಣದಿದ್ದರೆ ಒಳಮಗ್ಗುಲಲ್ಲಿ ಇರುತ್ತದೆ. ಟಯರಿನ ಮೈಮೇಲಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಹೇಗೂ ಬದಲಿಸಲೇಬೇಕು.

ವಾರಗಟ್ಟಲೆ ನಿಂತ ಗಾಡಿಯ ಟಯರ್ ನೆಲಕ್ಕೆ ಒತ್ತಿದ ಕಡೆ ಚಪ್ಪಟೆಯಾಗಿ ಮೊದಲ ಹತ್ತು ಹದಿನೈದು ಕಿ.ಮೀ. ನಡುಗಬಹುದು. ಬಿಸಿಯಾದ ಮೇಲೆ ತಾನಾಗಿ ಹೋಗುತ್ತದೆ, ಅದಕ್ಕೆ ಹಣ ಸುರಿಯಬೇಡಿ.

ಯಾವ ಗಾಲಿ ತಪ್ಪಿತಸ್ಥ ಎಂದು ಗೊತ್ತಾಗದಿದ್ದರೆ ಮುಂದಿನವೆರಡನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ಸ್ಟೇರಿಂಗ್ ನಡುಕ ಸೀಟಿಗೆ ಬಂದರೆ ತಪ್ಪು ಆ ಗಾಲಿಗಳದ್ದೇ. ಜಾಗ ಬದಲಿಸಿದರೂ ನಡುಕ ಇದ್ದಲ್ಲೇ ಇದ್ದರೆ ಹಬ್ (ಗಾಲಿಯನ್ನು ಕೂರಿಸುವ ನಡುಭಾಗ), ಡಿಸ್ಕ್, ಬೇರಿಂಗ್ ಕಡೆ ನೋಡಿ. ಪೂರ್ತಿ ಅಳತೆಯ ಸ್ಟೆಪ್ನಿ ಇದ್ದರೆ ಒಂದೊಂದೇ ಗಾಲಿಗೆ ಅದನ್ನು ಬದಲಿ ಹಾಕಿ ನೋಡಿದರೆ ತಪ್ಪಿತಸ್ಥ ಕೈಗೆ ಸಿಗುತ್ತದೆ.

ನಟ್ಟು ಬಿಗಿಯುವ ಕೆಲಸ ಸಣ್ಣದಲ್ಲ

ಹೆಚ್ಚಿನ ಕಾರುಗಳಿಗೆ ಗಾಲಿ ನಟ್ಟಿನ ಬಿಗಿ 85ರಿಂದ 125 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ನಿಮ್ಮ ಗಾಡಿಯದ್ದು ಮ್ಯಾನುಯಲ್‌ನಲ್ಲಿದೆ. 25 ಸೆಂ.ಮೀ. ಉದ್ದದ ಪಾನಾದ ತುದಿಗೆ 40 ಕೆ.ಜಿ. ಭಾರ ಬಿದ್ದರೆ ಹೆಚ್ಚುಕಡಿಮೆ 100 ಆಯಿತು. ಎಪ್ಪತ್ತು ಕೆ.ಜಿ.ಯ ಆಳು ಪಾನಾದ ಮೇಲೆ ಹತ್ತಿ ನಿಂತರೆ 170 ದಾಟುತ್ತದೆ, ಏರ್ ಗನ್‌ನದಂತೂ ಲೆಕ್ಕವಿಲ್ಲ. ಅತಿ ಬಿಗಿ, ಅದರಲ್ಲೂ ಒಂದು ನಟ್ಟು ಅತಿ ಬಿಗಿ ಒಂದು ಕಡಿಮೆ ಇದ್ದರೆ, ಹಿಂದಿರುವ ಡಿಸ್ಕನ್ನೇ ಸೊಟ್ಟಗೆ ಹಿಡಿಯುತ್ತದೆ. ನಾಲ್ಕು ನಟ್ಟಿದ್ದರೆ ಎದುರುಬದುರು, ಐದಿದ್ದರೆ ನಕ್ಷತ್ರ ಬರೆದ ಹಾಗೆ ಒಂದು ಬಿಟ್ಟು ಒಂದು ಬಿಗಿಯಿರಿ. ಗಾಲಿ ಗಾಳಿಯಲ್ಲಿರುವಾಗ ಕೈಬಿಗಿ, ನೆಲಕ್ಕೆ ಇಳಿಸಿದ ಮೇಲೆ ಪೂರ್ತಿ ಬಿಗಿ. ಥ್ರೆಡ್ಡಿಗೆ ಎಣ್ಣೆ ಹಾಕಬೇಡಿ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ.

ಹೊರಗಿನಿಂದ ಕೊಂಡು ಹಾಕಿಸಿದ ಅಲಾಯ್‌ಗಳಲ್ಲಿ ನಡುತೂತು ಹಬ್ಬಿಗಿಂತ ದೊಡ್ಡದಿರುತ್ತದೆ. ಆ ಸಂದಿಗೆ ಸರಿಯಾದ ಅಳತೆಯ ರಿಂಗು ಹಾಕದಿದ್ದರೆ ಗಾಲಿ ನಡುವಿಗೆ ಕೂರುವುದೇ ಇಲ್ಲ. ಮಷಿನ್ ಮೇಲೆ ಸೊನ್ನೆ, ಗಾಡಿಯ ಮೇಲೆ ನಡುಕ.

ಬ್ರೇಕ್ ಒತ್ತಿದಾಗ ಬರುವ ನಡುಕ

ಹುಬ್ಬಳ್ಳಿಯಿಂದ ಕಾರವಾರ, ಗೋಕರ್ಣಕ್ಕೆ ಹೋಗುವವರು ಅರಬೈಲ್ ಘಟ್ಟ ಇಳಿಯುತ್ತಾರೆ. ಟಾಪ್ ಗಿಯರ್‌ನಲ್ಲೇ ಇಟ್ಟು ಬ್ರೇಕ್ ಮೇಲೆ ಕಾಲು ಊರಿ ಕೆಳಗಿಳಿದರೆ ಡಿಸ್ಕ್ ಸುಡುವಷ್ಟು ಬಿಸಿಯಾಗುತ್ತದೆ. ಘಟ್ಟದ ಬುಡದಲ್ಲಿ ನಿಂತು ಕಾಲನ್ನು ಬ್ರೇಕ್ ಮೇಲೆ ಹಾಗೇ ಇಟ್ಟರೆ ಪ್ಯಾಡಿನ ಮಸಾಲೆ ಡಿಸ್ಕಿನ ಆ ಒಂದೇ ಜಾಗಕ್ಕೆ ಅಚ್ಚೊತ್ತಿದ ಹಾಗೆ ಅಂಟುತ್ತದೆ. ಊರಿಗೆ ಬಂದ ಮೇಲೆ ಶುರು: 80ರಲ್ಲಿ ಬ್ರೇಕ್ ಮುಟ್ಟಿದರೆ ಸ್ಟೇರಿಂಗ್ ಗಡಗಡ, ಪೆಡಲ್ ಕಾಲಿಗೆ ಮೇಲೆ ಕೆಳಗೆ ಕುಟ್ಟುತ್ತದೆ. ಜನ “ಡಿಸ್ಕ್ ಬೆಂಡಾಗೈತಿ” ಎನ್ನುತ್ತಾರೆ. ಬಹಳ ಸಲ ಅದು ಬೆಂಡಾಗಿರುವುದಿಲ್ಲ, ದಪ್ಪದಲ್ಲಿ ಹೆಚ್ಚುಕಡಿಮೆ ಆಗಿರುತ್ತದೆ. ಸುತ್ತಲಿನ ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದರೂ ಕಾಲಿಗೆ ತಿಳಿಯುತ್ತದೆ, ತಲೆಗೂದಲಿನ ದಪ್ಪಕ್ಕಿಂತ ಅದು ಕಡಿಮೆ.

ಆದ್ದರಿಂದ ಕಣ್ಣಿನಿಂದ ನೋಡಿ “ಡಿಸ್ಕ್ ಚಲೋ ಐತಿ” ಎನ್ನುವುದಕ್ಕೆ ಅರ್ಥವಿಲ್ಲ. ಮೈಕ್ರೋಮೀಟರ್ ಹಿಡಿದು ಸುತ್ತಲೂ ಎಂಟು ಕಡೆ ದಪ್ಪ ಅಳೆಯಬೇಕು, ಡಯಲ್ ಗೇಜ್ ಹಚ್ಚಿ ಓಲಾಟ ನೋಡಬೇಕು. ಓಲಾಟ ಸಾಮಾನ್ಯವಾಗಿ 0.05 ಮಿ.ಮೀ. ಒಳಗಿದ್ದರೆ ಚೆನ್ನ. ಲೇತ್‌ನಲ್ಲಿ ಫೇಸಿಂಗ್ ಮಾಡಿಸುವ, ಅಂದರೆ ಡಿಸ್ಕಿನ ಮೈ ಕೆರೆಸಿ ಸಮ ಮಾಡಿಸುವ ಮೊದಲು ಡಿಸ್ಕಿನ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪ ಓದಿ. ಹೊಸದಕ್ಕೂ ಕನಿಷ್ಠಕ್ಕೂ ಇರುವ ಅಂತರ ಹೆಚ್ಚಾಗಿ 2 ಮಿ.ಮೀ. ಆಸುಪಾಸು, ಅದರಲ್ಲಿ ಸವೆತಕ್ಕೆ ಎಷ್ಟೋ ಹೋಗಿರುತ್ತದೆ. ಫೇಸಿಂಗ್ ಆದ ಮೇಲೆ ಕನಿಷ್ಠಕ್ಕಿಂತ ತೆಳುವಾಗುವುದಾದರೆ ಹೊಸದೇ ಹಾಕಿಸಿ, ಎರಡೂ ಬದಿಗೆ ಒಟ್ಟಿಗೆ.

ಹೊಸ ಡಿಸ್ಕ್ ಹಾಕಿದರೂ ಸಾವಿರ ಕಿ.ಮೀ.ಗೆ ನಡುಕ ವಾಪಸ್ ಬಂತು ಎಂಬ ದೂರು ಕೇಳಿಬಂದರೆ ಬಹುಪಾಲು ತಪ್ಪು ಹಬ್ಬಿನ ಮುಖದ ತುಕ್ಕಿನದು. ಡಿಸ್ಕ್ ಕೂರುವ ಆ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ ಲೋಹ ಕಾಣುವಂತೆ ಮಾಡಬೇಕು. ತುಕ್ಕಿನ ಒಂದು ಚೂರು ನಡುವೆ ಸಿಕ್ಕರೆ ಹೊಸ ಡಿಸ್ಕೂ ಓಲಾಡುತ್ತದೆ, ಓಲಾಡಿದ್ದು ಕ್ರಮೇಣ ಒಂದು ಕಡೆ ಸವೆದು ದಪ್ಪದ ವ್ಯತ್ಯಾಸವಾಗುತ್ತದೆ. ಡಿಸ್ಕಿಗೆ ಕಂಪನಿಯವರು ಹಚ್ಚಿದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಸ್ವಚ್ಛಮಾಡಿ ಬ್ರೇಕ್ ಗ್ರೀಸ್ ಹಚ್ಚಿಸಿ. ಎರಿ ಮಣ್ಣಿನ ಧೂಳು ಕೂತ ಪಿನ್ನು ಹಿಡಿದುಕೊಂಡರೆ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ. ಬ್ರೇಕ್ ಹೆಚ್ಚು ಬಳಸದೆ ಐದಾರು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಗಾಲಿಯ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಒಲೆಯಂತೆ ಝಳ ಕೊಟ್ಟರೆ ಹಿಡಿದುಕೊಂಡ ಕ್ಯಾಲಿಪರ್ ಅಲ್ಲಿದೆ.

ಹೊಸ ಪ್ಯಾಡು, ಡಿಸ್ಕಿಗೆ ಪಳಗುವ ಓಟ ಬೇಕು: 60ರಿಂದ 20ಕ್ಕೆ ಹದವಾಗಿ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ, ಹೀಗೆ ಎಂಟು ಹತ್ತು ಸಲ, ನಡುನಡುವೆ ಅರ್ಧ ನಿಮಿಷ ಆರಲು ಬಿಟ್ಟು. ಘಟ್ಟ ಇಳಿಯುವಾಗ ಎರಡನೇ, ಮೂರನೇ ಗಿಯರ್‌ನಲ್ಲಿ ಇಂಜಿನ್ನಿನ ಹಿಡಿತಕ್ಕೆ ಬಿಡಿ. ತುರ್ತಾಗಿ ಜೋರು ಬ್ರೇಕ್ ಹಾಕಿದಾಗ ಎಬಿಎಸ್ (ಬ್ರೇಕಿನಲ್ಲಿ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯ ಪೆಡಲ್ ಟರ್ರೆಂದು ಕಾಲಿಗೆ ಬಡಿಯುವುದು ದೋಷವಲ್ಲ, ಕಾಲೆತ್ತದೆ ಒತ್ತಿಯೇ ಇರಬೇಕು.

ಹಿಂದಿನ ಡ್ರಮ್ಮು ಗುಂಡಗಿನ ಆಕಾರ ಕಳೆದುಕೊಂಡಿದೆಯೇ ನೋಡಲು, ಹಿಂದೆ ಮುಂದೆ ಯಾರೂ ಇಲ್ಲದ ಒಣ, ನೇರ ರಸ್ತೆಯಲ್ಲಿ 30ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ನಿಧಾನ ಎಳೆಯಿರಿ. ಸೀಟು ಕುಲುಕಿದರೆ ಡ್ರಮ್ಮನ್ನು ಲೇತ್‌ಗೆ ಕಳಿಸಬೇಕು.

ಶಾಫ್ಟುಗಳು

ಮುಂದಿನ ಗಾಲಿ ಎಳೆಯುವ ಕಾರುಗಳಲ್ಲಿ ವೇಗ ಏರಿಸುವಾಗ ಮುಂಭಾಗ ಎಡಕ್ಕೂ ಬಲಕ್ಕೂ ಅದುರಿ, ಕಾಲೆತ್ತಿದರೆ ನಿಂತರೆ, ಡ್ರೈವ್ ಶಾಫ್ಟಿನ ಗಿಯರ್‌ಬಾಕ್ಸ್ ಕಡೆಯ ಜಾಯಿಂಟ್ ಸವೆದಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಡಿಸಿದಾಗ ಟಕ್‌ಟಕ್ ಎಂದರೆ ಗಾಲಿ ಕಡೆಯದು. ಎರಡೂ ಸಾಯುವುದು ರಬ್ಬರ್ ಬೂಟು ಹರಿದು ಗ್ರೀಸ್ ಹೋಗಿ ಮಣ್ಣು ಹೊಕ್ಕಾಗ. ಗಾಲಿಯ ಒಳಮಗ್ಗುಲಲ್ಲಿ ಕಪ್ಪು ಗ್ರೀಸ್ ಚಿಮ್ಮಿದ್ದು ಕಂಡ ದಿನವೇ ಬೂಟು ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ.

ಬೊಲೆರೊ, ಇಕೋ, ಟಾಟಾ ಏಸ್, ಇನ್ನೋವಾ ಕ್ರಿಸ್ಟಾ ತರಹದ ಹಿಂದಿನ ಗಾಲಿ ನೂಕುವ ಗಾಡಿಗಳಲ್ಲಿ ಕೆಳಗೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇರುತ್ತದೆ. ಅದು ಗಾಲಿಗಿಂತ ಸುಮಾರು ನಾಲ್ಕೈದು ಪಟ್ಟು ಜೋರಾಗಿ ತಿರುಗುವುದರಿಂದ ಅದರದ್ದು ಕುಲುಕಾಟವಲ್ಲ, ತಳದಿಂದ ಬರುವ ಗುಂಯ್ ಎಂಬ ಸಣ್ಣ ನಡುಕ. ಗಾಡಿ ಸಪಾಟು ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಇಂಜಿನ್ ಬಂದ್ ಮಾಡಿ, ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ, ಮೇಲೆ ಕೆಳಗೆ ಅಲುಗಿಸಿ. ಶಾಫ್ಟಿನ ತುದಿಯ ಜಾಯಿಂಟಿನಲ್ಲಿರುವ ಕೂಡುಗುರುತಿನಾಕಾರದ ತುಂಡು, ಅಂದರೆ ಕ್ರಾಸಿನಲ್ಲಿ ಸ್ವಲ್ಪವೂ ಸಡಿಲ ಇರಬಾರದು. ಕ್ರಾಸಿನ ಟೋಪಿಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ. ಶಾಫ್ಟ್ ಎರಡು ತುಂಡಿನದ್ದಾದರೆ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ ನೋಡಿ. ಬಿಚ್ಚುವ ಮೊದಲು ಜೋಡಣೆಯ ಎರಡೂ ಬದಿಗೆ ಬಿಳಿ ಬಣ್ಣದ ಗೀಟು ಎಳೆಯಲೇಬೇಕು. ಒಂದು ಹಲ್ಲು ಆಚೀಚೆ ಕೂರಿಸಿದರೂ ಹೊಸ ಕ್ರಾಸು ಹಾಕಿದ ಗಾಡಿ ಮೊದಲಿಗಿಂತ ಹೆಚ್ಚು ನಡುಗುತ್ತದೆ, ಮಿಸ್ತ್ರಿ ಸಾಮಾನನ್ನು ಬೈಯುತ್ತಾ ಕೂರುತ್ತಾನೆ.

ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ, ಬ್ಯಾಡಗಿಗೆ ಮೆಣಸಿನಕಾಯಿ ಹೇರುವ ಗಾಡಿಗಳಿಗೆ ಹೆಚ್ಚುವರಿ ಪಾಟಾ (ಸ್ಪ್ರಿಂಗ್ ಪಟ್ಟಿ) ಹಾಕಿಸುವ ರೂಢಿಯಿದೆ. ಹಿಂಭಾಗ ಎತ್ತರವಾದರೆ ಶಾಫ್ಟಿನ ಕೋನ ಬದಲಾಗುತ್ತದೆ. ಲೋಡಿದ್ದಾಗ ಸುಮ್ಮನಿರುವ ಗಾಡಿ ಖಾಲಿ ಬರುವಾಗ ನಡುಗುತ್ತದೆ. ಅದಕ್ಕೆ ಕ್ರಾಸು ಬದಲಿಸಿ ಪ್ರಯೋಜನವಿಲ್ಲ, ಪಾಟಾ ಇಳಿಸಬೇಕು.

ಬೇರಿಂಗ್, ಬುಷ್

ಗಾಲಿಯ ಬೇರಿಂಗ್ ಹೋದರೆ ನಡುಕಕ್ಕಿಂತ ಮೊದಲು ಸದ್ದು ಬರುತ್ತದೆ, ವೇಗದ ಜೊತೆ ಏರುವ ಊಳು. ಬಲಕ್ಕೆ ಹೊರಳಿಸಿದಾಗ ಸದ್ದು ಹೆಚ್ಚಾದರೆ ಎಡಗಡೆಯದನ್ನು ನೋಡಿ, ಭಾರ ಆಗ ಅತ್ತ ಬೀಳುತ್ತದೆ. ಎತ್ತಿದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡಬಲ ಹಿಡಿದಾಗ ಮಾತ್ರ ಆಡಿದರೆ ಸ್ಟೇರಿಂಗಿನಿಂದ ಗಾಲಿಗೆ ಬರುವ ರಾಡಿನ ತುದಿ, ಟೈರಾಡ್ ಎಂಡ್. ಸಸ್ಪೆನ್ಷನ್ನಿನ ಸವೆದ ರಬ್ಬರ್ ಬುಷ್, ಸತ್ತ ಶಾಕ್ ಅಬ್ಸಾರ್ಬರ್ ತಾವಾಗಿ ನಡುಕ ಹುಟ್ಟಿಸುವುದು ಕಡಿಮೆ. ಗಾಲಿಯ ಸಣ್ಣ ಕೊರತೆಯನ್ನು ದೊಡ್ಡದು ಮಾಡಿ ತೋರಿಸುತ್ತವೆ, ಟಯರನ್ನು ಅಲ್ಲಲ್ಲಿ ಬಟ್ಟಲಿನಂತೆ ಸವೆಸುತ್ತವೆ.

ಇಂಜಿನ್ ಕಡೆಯ ನಡುಕ

ಮೂರು ಸಿಲಿಂಡರಿನ ಗಾಡಿ ನಿಂತಾಗ ಸ್ವಲ್ಪ ಅದುರುವುದು ಅದರ ಜಾಯಮಾನ. ಮೊದಲಿಗಿಂತ ಹೆಚ್ಚಾಗಿದ್ದರೆ ಮಾತ್ರ ಚಿಂತೆ. ಐಡಲ್‌ನಲ್ಲಿ ಲಯ ತಪ್ಪಿ ಕುಕ್ಕಿದರೆ, ಚೆಕ್ ಇಂಜಿನ್ ದೀಪ ಮಿಣುಕಿದರೆ, ಒಂದು ಸಿಲಿಂಡರ್ ಉರಿಯುತ್ತಿಲ್ಲ: ಪ್ಲಗ್, ಕಾಯಿಲ್, ಇಂಜೆಕ್ಟರ್ ಈ ಸರತಿಯಲ್ಲಿ ನೋಡಿಸಿ. ಸಿಎನ್‌ಜಿ ಗಾಡಿಯಲ್ಲಿ ಸವೆದು ಗ್ಯಾಪ್ ಹೆಚ್ಚಾದ ಪ್ಲಗ್ ಬೇಗ ಸೋಲುತ್ತದೆ. ಪೆಟ್ರೋಲಿಗೆ ಬದಲಿಸಿದಾಗ ನಡುಕ ಕಡಿಮೆಯಾದರೆ ಇದೇ ಸುಳಿವು. ಮಿಣುಕುವ ದೀಪ ಹಾಗೇ ಬಿಟ್ಟು ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಅದರ ಮುಂದೆ ಪ್ಲಗ್ಗಿನ ಬೆಲೆ ಕಡಲೆಪುಟಾಣಿ.

ಇಂಜಿನ್ ಲಯಬದ್ಧವಾಗಿದ್ದೂ ಎಸಿ ಹಾಕಿದಾಗ ಡ್ಯಾಶ್‌ಬೋರ್ಡ್ ನಡುಗಿದರೆ, ರಿವರ್ಸ್ ಹಾಕುವಾಗ ಧಪ್ ಎಂದರೆ, ಇಂಜಿನ್ನನ್ನು ಹೊತ್ತಿರುವ ಮೌಂಟಿಂಗ್ ರಬ್ಬರ್ ಕುಸಿದಿದೆ. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲ್‌ಬ್ರೇಕ್ ಒತ್ತಿ ಒಬ್ಬರು ಕ್ಲಚ್ಚನ್ನು ಒಂದಿಷ್ಟೇ ಬಿಡಲಿ, ಮೊದಲ ಗಿಯರ್‌ನಲ್ಲಿ ಒಮ್ಮೆ, ರಿವರ್ಸ್‌ನಲ್ಲಿ ಒಮ್ಮೆ. ನೀವು ಮಗ್ಗುಲಿಂದ ನೋಡಿ, ಗಾಡಿಯ ಮುಂದೆ ನಿಲ್ಲಬೇಡಿ. ಇಂಜಿನ್ ಎದ್ದು ಕೂತ ಹಾಗೆ ಜಿಗಿದರೆ ಮೌಂಟಿಂಗ್ ಹೋಗಿದೆ. ಅಗ್ಗದ ಗಟ್ಟಿ ರಬ್ಬರ್ ಹಾಕಿಸಿದರೆ ಮುರಿದ ರಬ್ಬರಿಗಿಂತ ಹೆಚ್ಚು ನಡುಗುವುದುಂಟು. ಹೊಸದನ್ನು ಕೈಯಲ್ಲಿ ಒತ್ತಿ ನೋಡಿಯೇ ಕೊಂಡುಕೊಳ್ಳಿ.

ಗಾಡಿ ಹೊರಡಿಸುವಾಗಿನ ಗಡಗಡಕ್ಕೆ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದ್ದು ಅಥವಾ ಫ್ಲೈವೀಲ್ ಸುಟ್ಟು ಕಲೆ ಬಿದ್ದದ್ದು ಕಾರಣ. ಪ್ಲೇಟ್ 
ಒಂದನ್ನೇ ಬದಲಿಸಿ ಎಣ್ಣೆ ಸೋರುವ ಸೀಲ್ ಬಿಟ್ಟರೆ ಗಿಯರ್‌ಬಾಕ್ಸ್ ಇನ್ನೊಮ್ಮೆ ಇಳಿಸಬೇಕಾಗುತ್ತದೆ.

ಬೈಕಿನ ಹ್ಯಾಂಡಲ್

ಬೈಕ್ 40–60ರಲ್ಲಿ ಹ್ಯಾಂಡಲ್ ಥರಗುಟ್ಟಿದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕುತ್ತಿಗೆಯ ಬೇರಿಂಗ್ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂಭಾಗ ಅದುಮಿ ಮುಂದಿನ ಗಾಲಿ ಎತ್ತಲಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಕಟ್ ಎಂದು ಆಡಿದರೆ ಸಡಿಲ. ಹ್ಯಾಂಡಲನ್ನು ಎಡಬಲ ತಿರುಗಿಸುವಾಗ ನಡುವಿನಲ್ಲಿ ಗುಳಿಗೆ ಬಿದ್ದಂತೆ ಹಿಡಿದರೆ ಕೋನ್ ಗುಳಿ ಬಿದ್ದಿದೆ. ಬಿಗಿದು ಪ್ರಯೋಜನವಿಲ್ಲ, ಸೆಟ್ ಬದಲಿಸಬೇಕು. ಸ್ಪೋಕ್ ಗಾಲಿಯಾದರೆ ಒಂದೊಂದು ಕಡ್ಡಿಯನ್ನೂ ಪಾನಾದಿಂದ ತಟ್ಟಿ ಕೇಳಿ. ಬಿಗಿಯಿದ್ದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಟಪ್. ಸಿಕ್ಕಿದ್ದನ್ನೆಲ್ಲ ಸುಮ್ಮನೆ ಬಿಗಿದರೆ ರಿಮ್ಮು ಸೊಟ್ಟಗಾಗುತ್ತದೆ, ಔಟ್ ತೆಗೆಯುವವರ, ಅಂದರೆ ರಿಮ್ಮಿನ ಸೊಟ್ಟ ತಿದ್ದುವವರ ಕೈಗೇ ಕೊಡಿ. ಫುಟ್‌ರೆಸ್ಟಿಗೆ, ಸೀಟಿಗೆ ಬರುವ ನಡುಕವಾದರೆ ಚೈನಿನ ಸಡಿಲ ಮ್ಯಾನುಯಲ್‌ನಲ್ಲಿ ಹೇಳಿದಷ್ಟಿದೆಯೇ, ಹೆಚ್ಚಿನ ಸಣ್ಣ ಬೈಕುಗಳಿಗೆ ಅದು 20–30 ಮಿ.ಮೀ., ಮತ್ತು ಇಂಜಿನ್ನನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು ಬಿಗಿಯಿವೆಯೇ ನೋಡಿ. ಹೊಸ ಕೋನ್ ಸೆಟ್ ಹಾಕಿಸಿದ್ದರೆ ಗುಂಡುಗಳು ಕೂತುಕೊಳ್ಳುವುದರಿಂದ 500 ಕಿ.ಮೀ. ಹೊತ್ತಿಗೆ ಒಂದಿಷ್ಟು ಸಡಿಲಾಗುತ್ತದೆ, ಆಗ ಒಮ್ಮೆ ಬಿಗಿಸಿಕೊಳ್ಳಬೇಕು.